ಮೂರನೆಯ ಪ್ರತಿ ಇಡುವ ಮನೆ

"ಅದನ್ನ ತಗೋಬ್ಯಾಡ್ರಿ."

ಕೈಚೀಲದ ಜಿಪ್ ತೆರೆಯುತ್ತಿದ್ದ ಶರ್ಮಿಳಾ ತಲೆಯೆತ್ತಿದಳು. ಮಾತನಾಡಿದವನು ಅಂಗಡಿಯ ಮಾಲೀಕನಲ್ಲ. ಕಲ್ಯಾಣ ಸ್ಟೇಷನ್ನಿನ ಎದುರಿನ ಆ ಕಂಪ್ಯೂಟರ್ ಅಂಗಡಿಯ ಮೂಲೆಯಲ್ಲಿ, ಸ್ಟೂಲಿನ ಮೇಲೆ ಕುಳಿತು, ಧೂಳು ತುಂಬಿದ ಫ್ಯಾನೊಂದನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ ಯುವಕ. ಅವನು ಅವಳ ಕಡೆ ನೋಡಿರಲೂ ಇಲ್ಲ.

"ಇದರಲ್ಲಿ ನಿಮ್ಮದು ಎಂತ ಉಂಟು?" ಎಂದಳು ಅವಳು. ಐದು ಅಂಗಡಿ ಅಲೆದು, ಕಡೆಗೂ ತನ್ನ ಕೈಗೆಟಕುವ ಡಬ್ಬಿಯೊಂದನ್ನು ಆರಿಸಿದ್ದಳು. ಈಗ ಇವನ್ಯಾರು...

"ನಂದೇನೂ ಇಲ್ರಿ. ಅದರೊಳಗ ಒಂದೇ ಡಿಸ್ಕ್ ಅದ. ನಿಮ್ಮ ಡಿಸ್ಕ್ ಒಮ್ಮೆ ಹೋಗ್ಯಾದಂತ ಈಗಷ್ಟೇ ಹೇಳಿದ್ರಿ. ಇದನ್ನ ಒಯ್ದ್ರ ಅದೇ ತ್ರಾಸು ವೈ-ಫೈದಾಗ ಬರ್ತದ, ಅಷ್ಟೇ ಫರಕ್."

ಮಾಲೀಕ ಭುಜಂಗ ನಕ್ಕ. "ಇಂವ ವಿಠಲ, ನನ್ನ ದೋಸ್ತ್. ಮಹಾಪೆದಾಗ ದೊಡ್ಡ ಕಂಪನಿ ಕಂಪ್ಯೂಟರ್ ನೋಡ್ಕೋತಾನ. ರವಿವಾರ ಇಲ್ಲಿ ಬಂದು ನನ್ನ ಗಿರಾಕಿ ಓಡಿಸ್ತಾನ."

ಶರ್ಮಿಳಾಗೆ ನಗು ಬರಲಿಲ್ಲ.

ಅದು ಎರಡು ಸಾವಿರದ ಹದಿಮೂರರ ಅಕ್ಟೋಬರ್. ಡೊಂಬಿವಲಿಯ ಮನೆಯಲ್ಲಿಯೇ ಕುಳಿತು ಮದುವೆಯ ವಿಡಿಯೋ ಜೋಡಿಸುವುದು, ಆಲ್ಬಮ್ ಸಿದ್ಧಪಡಿಸುವುದು ಅವಳ ಉದ್ಯೋಗ. ಮೇ ತಿಂಗಳಲ್ಲಿ ಅವಳ ಡಿಸ್ಕ್ ಟಿಕ್ ಟಿಕ್ ಎಂದು ಎರಡು ದಿನ ಸದ್ದು ಮಾಡಿ ನಿಂತುಹೋಯಿತು. ಬದಲಾಪುರದ ಹುಡುಗಿಯೊಬ್ಬಳ ಇಡೀ ಮದುವೆ ಅದರೊಳಗಿತ್ತು. ಕ್ಯಾಮೆರಾದ ಕಾರ್ಡುಗಳಲ್ಲಿ ಆಗಲೇ ಇನ್ನೊಬ್ಬರ ಮದುವೆ ತುಂಬಿತ್ತು.

ಆ ಹುಡುಗಿ ಬೈಯಲಿಲ್ಲ. ಒಂದು ಫೋಟೋ ಕೂಡ ಇಲ್ಲವೇ ಎಂದಷ್ಟೇ ಕೇಳಿದಳು.

ಆ ಪ್ರಶ್ನೆ ಶರ್ಮಿಳಾಳನ್ನು ಕೂರಲು ಬಿಡುತ್ತಿರಲಿಲ್ಲ. ಕುಕ್ಕರಿನ ಸದ್ದಿಗೂ ಅವಳು ಎದ್ದು ಹೋಗಿ ಕಂಪ್ಯೂಟರ್ ನೋಡಿ ಬರುತ್ತಿದ್ದಳು. ಇನ್ನೊಂದು ಮದುವೆ ಹೀಗೆ ಕಳೆದುಹೋದರೆ ಈ ಕೆಲಸವನ್ನೇ ಬಿಡುವುದೆಂದು ನಿಶ್ಚಯಿಸಿದ್ದಳು. ಅದಕ್ಕೇ ಈ ಡಬ್ಬಿಯ ಹುಡುಕಾಟ. ಮನೆಯ ರೂಟರಿಗೆ ಜೋಡಿಸಿದರೆ ಯಾವ ಕಂಪ್ಯೂಟರಿನಿಂದಲೂ ತೆರೆಯಬಹುದಾದ ಸ್ಟೋರೇಜ್. ತಿಳಿದವರು ಅದನ್ನು ನ್ಯಾಸ್ ಎನ್ನುತ್ತಾರೆ.

ವಿಠಲ ಬ್ರಷ್ ಕೆಳಗಿಟ್ಟು ವಿವರಿಸಿದ. ಅವಳ ಬಜೆಟ್ಟಿಗೆ ಸಾಕಾಗುವ, ಎರಡು ಡಿಸ್ಕ್ ಹಿಡಿಸುವ ಖಾಲಿ ಡಬ್ಬಿ ಒಂದಿದೆ. ಪ್ರೊಸೆಸರ್ ಸಣ್ಣದು, ಹಾಡು, ಸಿನಿಮಾ ಎಂದು ಅದರ ಮೇಲೆ ಹೊರೆ ಹಾಕದಿದ್ದರೆ ಸಾಕು. ಎರಡು ಟೆರಾಬೈಟಿನ ಎರಡು ಡಿಸ್ಕ್ ಹಾಕಿದರೂ ಸಿಗುವ ಜಾಗ ಎರಡೇ ಟೆರಾಬೈಟ್, ಏಕೆಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುತ್ತದೆ. ಎರಡೂ ಡಿಸ್ಕನ್ನು ಒಂದೇ ಅಂಗಡಿಯಲ್ಲಿ ಕೊಳ್ಳಬಾರದು; ಒಟ್ಟಿಗೆ ತಯಾರಾದ ಒಂದೇ ಲಾಟಿನವು ಹಾಳಾದರೆ ಒಟ್ಟಿಗೇ ಹಾಳಾಗಬಹುದು. ಇನ್ನೊಂದನ್ನು ಠಾಣೆ ಪೇಟೆಯ ಅಂಗಡಿಯಿಂದ ತರಲಿ ಎಂದ.

ಭುಜಂಗ ಗೆಳೆಯನಿಗೆ ಕೈಮುಗಿದ.

ಮುಂದಿನ ರವಿವಾರ ವಿಠಲ ಡೊಂಬಿವಲಿಗೆ ಬಂದು ಎಲ್ಲವನ್ನೂ ಜೋಡಿಸಿದ. ದೊಡ್ಡ ಫೈಲುಗಳಿಗೆ ವೈ-ಫೈ ನಂಬದೆ ಕೇಬಲ್ ಎಳೆದ. ಪ್ರತಿ ಶುಕ್ರವಾರದ ಕರೆಂಟ್ ಕಡಿತಕ್ಕೆಂದು ಯುಪಿಎಸ್ ಇಡಿಸಿದ. ಶರ್ಮಿಳಾಳ ತಾಯಿ ಜಲಜಾಕ್ಷಿ ಕೊಟ್ಟ ನೀರುದೋಸೆಯನ್ನು ಎಣಿಸದೆ ತಿಂದ.

ಎರಡು ಹಸಿರು ದೀಪ ಒಟ್ಟಿಗೆ ಹೊತ್ತಿದಾಗ ಶರ್ಮಿಳಾ ಉಸಿರು ಬಿಟ್ಟಳು. "ಇನ್ನು ಹೆದರಿಕೆ ಇಲ್ಲ ಅಲ್ವಾ?"

"ಹೆದರಿಕಿ ಅದ ರೀ. ನೀವು ತಪ್ಪಿ ಒಂದು ಮದುವಿ ಅಳಿಸಿದ್ರ ಎರಡೂ ಡಿಸ್ಕಿನ್ಯಾಗ ಅಳಿಸಿಹೋಗ್ತದ. ಅದಕ್ಕ ಇನ್ನೊಂದು ಪ್ರತಿ ಬೇಕು, ಅದೂ ಬೇರೆ ಮನ್ಯಾಗ. ಈ ಮನಿಗೆ ಬೆಂಕಿ ಬಿದ್ರ ಆ ಮನಿಗೆ ಬೀಳಬಾರದು."

ಬೇರೆ ಮನೆ... ಯಾರ ಮನೆ?

ಅವಳು ವಾರವಿಡೀ ಯೋಚಿಸಿದಳು. ನೆರೂಳದಲ್ಲಿ ಸುಗುಣತ್ತೆ ಇದ್ದಾರಲ್ಲ ಎಂದರು ತಾಯಿ. ಸುಗುಣತ್ತೆಯ ಕೈಗೆ ಕೊಟ್ಟರೆ ಮದುಮಗಳಿಗಿಂತ ಮೊದಲು ಅಲ್ಲಿನ ಇಡೀ ಬಡಾವಣೆ ಆ ಫೋಟೋಗಳನ್ನು ನೋಡಿಯಾಗುತ್ತದೆ ಎಂದಳು ಮಗಳು. ಬಂಧುಗಳ ಹೆಸರು ಒಂದೊಂದಾಗಿ ಬಿದ್ದುಹೋದವು. ಕಡೆಗೆ ಉಳಿದದ್ದು ಬಂಧುವಲ್ಲದವನ ಹೆಸರು.

ಅವಳು ಫೋನಿನಲ್ಲಿ ಕೇಳಿದಾಗ ವಿಠಲ ಮೊದಲು ತನ್ನ ಮನೆಯ ವಿಷಯ ತೆಗೆದ. ತಮ್ಮದು ಕಲ್ಯಾಣ ಪೂರ್ವದ ಒಂದೇ ಕೋಣೆಯ ಖೋಲಿ, ಮೇಲೆ ತಗಡಿನ ಪತ್ರಾದ ಮಾಡು. ತಾಯಿ ಭೀಮಮ್ಮ ಕಲಬುರಗಿಯಿಂದ ಬಂದು ಕಟ್ಟಡದ ಕೆಲಸದಲ್ಲಿ ಗಾರೆ ಹೊತ್ತವಳು ಎಂದು ಹೇಳಿದ. ಬೇಡವೆನ್ನಲು ಅವಳಿಗೆ ಅವಕಾಶ ಕೊಡುವವನಂತೆ ಹೇಳಿದ.

ಅವಳು ಬೇಡವೆನ್ನಲಿಲ್ಲ.

ಹೀಗೆ ಮೂರನೆಯ ಪ್ರತಿಗೆಂದು ಕೊಂಡ ಎರಡು ಸಣ್ಣ ಡಿಸ್ಕುಗಳ ಸಂಚಾರ ಆರಂಭವಾಯಿತು. ಎರಡು ವಾರಕ್ಕೊಮ್ಮೆ, ರವಿವಾರ ಹನ್ನೊಂದು ಗಂಟೆಗೆ, ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಕೆಳಗೆ ಅವಳು ಹೊಸದನ್ನು ಕೊಡುವಳು, ಅವನು ಹಳೆಯದನ್ನು ಹಿಂದಿರುಗಿಸುವನು. ತೆರೆದು ನೋಡದ ಪ್ರತಿಯನ್ನು ನಂಬಲಾಗದು ಎಂದು ಅವನೇ ಕಲಿಸಿದ್ದರಿಂದ, ಪ್ರತಿ ಸಲ ಯಾವುದಾದರೂ ಒಂದು ಫೈಲ್ ತೆರೆದು ನೋಡುವಂತೆ ಅವಳು ಕೇಳಿಕೊಂಡಿದ್ದಳು.

ಕೊಟ್ಟು ಕೊಳ್ಳುವುದಕ್ಕೆ ಒಂದು ನಿಮಿಷ ಸಾಕು. ಜನವರಿಯ ಹೊತ್ತಿಗೆ ಅವರು ಅಲ್ಲಿ ಮಾತನಾಡುತ್ತ ಮೂರು ಲೋಕಲ್ ರೈಲು ಹೋಗಲು ಬಿಡುತ್ತಿದ್ದರು.

ಮಾರ್ಚಿನ ಮೊದಲ ರವಿವಾರ ಅವನು ಬರಲಿಲ್ಲ. ಡಿಸ್ಕನ್ನು ಹಿಡಿದು ಬಂದವನು ಭುಜಂಗ. ಜತೆಗೊಂದು ಚೀಟಿ: ಫೈಲುಗಳೆಲ್ಲ ಸರಿ ಇವೆ, ಇನ್ನು ಮುಂದೆ ಬೇರೆ ಮನೆ ನೋಡಿಕೊಳ್ಳಿ.

ಶರ್ಮಿಳಾ ಅದನ್ನು ನಾಲ್ಕು ಸಲ ಓದಿದಳು. ಫೋನ್ ಮಾಡಿದರೆ ಕೆಲಸ ಹೆಚ್ಚಿದೆ ಎಂಬ ಒಂದೇ ಉತ್ತರ.

ನಾನು ಎಂತ ಮಾಡಿದೆ?... ಆಗ ನೆನಪಾಯಿತು. ಹಿಂದಿನ ಸಲ, ಕಲ್ಯಾಣ ಪೂರ್ವದಲ್ಲಿ ಕಳ್ಳತನವಾದ ಸುದ್ದಿ ಓದಿ, ನಿಮ್ಮ ಮನೆಯ ಬೀಗ ಸರಿ ಉಂಟಲ್ಲ ಎಂದು ಎರಡು ಸಲ ಕೇಳಿದ್ದಳು. ಒಮ್ಮೆ ಕೇಳಿದರೆ ಕಾಳಜಿ. ಎರಡನೆಯ ಸಲ ಕೇಳಿದ್ದು ಬಡವನ ಮನೆಯ ಮೇಲಿನ ಅನುಮಾನ. ಅವನಿಗೆ ಚುಚ್ಚದೆ ಇದ್ದೀತೇ?

ಮೂರು ವಾರ ಅವಳು ಹೊಸ ಆರ್ಡರ್ ಹಿಡಿಯಲಿಲ್ಲ. ಡಿಸ್ಕನ್ನು ಅಡುಗೆಮನೆಯಲ್ಲಿಟ್ಟಳು, ಬೀರುವಿಗೆ ಬದಲಿಸಿದಳು, ಮತ್ತೆ ತೆಗೆದಳು. ಎಲ್ಲಿಟ್ಟರೂ ಅದು ಒಂದೇ ಮನೆ. ತಾಯಿ ನೋಡಿ ನೋಡಿ, ನಿನಗೆ ಬೇಕಾದದ್ದು ಡಿಸ್ಕ್ ಇಡುವ ಜಾಗವೋ ಅಥವಾ ಅವನೋ ಎಂದು ಕೇಳಿಯೇಬಿಟ್ಟರು. ಶರ್ಮಿಳಾ ಚಪ್ಪಲಿ ಮೆಟ್ಟಿದಳು.

ಭುಜಂಗನ ಅಂಗಡಿಯಲ್ಲಿ ವಿಳಾಸ ಸಿಕ್ಕಿತು. "ಜಗಳ ಗಿಗಳ ಆಡೀರೇನ್ರಿ ಅಕ್ಕಾ? ಮೂರು ವಾರ ಆತು, ಆಂವ ಇಲ್ಲಿ ಕುಂತು ಒಂದೇ ಕೇಬಲ್ ಸುತ್ತತಾನ, ಬಿಚ್ಚತಾನ. ಗಿರಾಕಿನೂ ಓಡಸವಲ್ಲ."

ಖೋಲಿಯ ಬಾಗಿಲಲ್ಲಿ ಭೀಮಮ್ಮ ಜೋಳ ಹಸನು ಮಾಡುತ್ತಿದ್ದಳು. ಹೆಸರು ಕೇಳುತ್ತಲೇ ಮೊರ ಪಕ್ಕಕ್ಕಿಟ್ಟಳು.

"ಡಿಸ್ಕಿನಾಕಿ ಏನವ್ವಾ ನೀನು? ಬಾ, ಕೂಡು. ನಿನ್ನ ಡಿಸ್ಕ್ ನನ್ನ ಟ್ರಂಕಿನ್ಯಾಗ ಸೀರಿ ನಡುವ ಇಡ್ತಿದ್ದ. ನನಗೂ ಮುಟ್ಟಗೊಡ್ತಿದ್ದಿಲ್ಲ. ಡೊಂಬಿವಲಿಗೆ ಹೋಗೂ ದಿನ ಅಂಗಿಗಿ ಎರಡು ಸಲ ಇಸ್ತ್ರಿ." ಭೀಮಮ್ಮ ಅವಳ ಮುಖವನ್ನೇ ನೋಡಿದಳು. "ಇರ್ಲಿ ಬಿಡು. ನಿನ್ನ ಗಂಡ ಏನ್ ಕೆಲಸ ಮಾಡ್ತಾನ?"

"ನನ್ನ... ಗಂಡ?"

ಆಗಲೇ ನೀರಿನ ಕೊಡ ಹಿಡಿದು ವಿಠಲ ಒಳಬಂದ. ಅವಳನ್ನು ಕಂಡು ಹೊಸ್ತಿಲಲ್ಲಿಯೇ ನಿಂತ. ಭೀಮಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಮೊರವನ್ನೆತ್ತಿಕೊಂಡು ನೆರೆಮನೆಯ ಕಟ್ಟೆಗೆ ಹೋದಳು.

"ನನಗೆ ಮದುವೆ ಆಗಿದೆ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ರಿ." ಅವನ ದೃಷ್ಟಿ ನೆಲದ ಮೇಲಿತ್ತು. "ಬೇಕಂತ ನೋಡಿಲ್ಲ. ಒಂದು ಫೈಲ್ ತೆಗೀಬೇಕಿತ್ತು, ತೆಗ್ದೆ. ನೀವು ಬಾಸಿಂಗ ಕಟ್ಟಿ ಕುಂತಿದ್ರಿ. ಬಾಜೂಕ ಪೇಟಾ ಸುತ್ತಿದಾಂವ ಒಬ್ಬ."

ಶರ್ಮಿಳಾ ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿತು.

"ಅದು ಸ್ಯಾಂಪಲ್ ಮಾರಾಯ್ರೆ..."

ಹೊಸ ಗಿರಾಕಿಗಳಿಗೆ ತೋರಿಸಲು ಒಂದು ಆಲ್ಬಮ್ ಬೇಕಿತ್ತು. ತಮ್ಮ ಮದುವೆಯ ಫೋಟೋವನ್ನು ಪರರಿಗೆ ತೋರಿಸಲು ಯಾವ ಮನೆಯವರೂ ಒಪ್ಪುವುದಿಲ್ಲ. ಆದ್ದರಿಂದ ಅವಳೇ ಮದುಮಗಳಾಗಿದ್ದಳು; ಅವಳ ಜತೆ ಕೆಲಸ ಮಾಡುವ ಕ್ಯಾಮೆರಾಮನ್ ಪೃಥ್ವಿರಾಜ್ ಮದುಮಗನಾಗಿದ್ದ. ಪೇಟ ಕಟ್ಟಿದವಳೂ ಫೋಟೋ ತೆಗೆದವಳೂ ಅವನ ಹೆಂಡತಿ ಸೋನಾಲಿ. ಅವರ ಇಬ್ಬರು ಮಕ್ಕಳು ಇವರಿಬ್ಬರು ಕುಳಿತ ಬಾಡಿಗೆಯ ಸಿಂಹಾಸನದ ಹಿಂದೆ ಅಕ್ಷತೆ ತಿನ್ನುತ್ತಿದ್ದರು.

ವಿಠಲ ಕೊಡವನ್ನು ಕೆಳಗಿಟ್ಟ. ಅದು ಇನ್ನೂ ಕೈಯಲ್ಲಿದೆ ಎಂಬುದೇ ಅವನಿಗೆ ಮರೆತಿತ್ತು.

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?"

"ಹ್ಯಾಂಗ ಕೇಳ್ಲಿ? ಕಾಯಲಾಕ ಕೊಟ್ಟದ್ದರೊಳಗ ಕಂಡದ್ದರ ಬಗ್ಗೆ ಕೇಳಬಾರದ್ರಿ. ಕೇಳದೇ ಇಟ್ಕೊಳ್ಳಾಕೂ ಆಗಲಿಲ್ಲ."

"ನಾನು ಆ ಬೀಗದ ಮಾತಿಗೆ ನಿಮಗೆ ಬೇಜಾರಾಯ್ತು ಅಂತ..."

"ಬೀಗ?" ಅವನಿಗೆ ನೆನಪಿಸಿಕೊಳ್ಳಬೇಕಾಯಿತು. "ನೀವು ಕೇಳಿದ್ದು ಸರಿ ಇತ್ತು. ಮರುದಿನ ಹೊಸಾದು ತಂದೆ."

ಪತ್ರಾದ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳುತ್ತಿತ್ತು.

"ಹಂಗಾರ..." ವಿಠಲ ಕೊಡವನ್ನು ಗೋಡೆಯ ಕಡೆ ಸರಿಸಿದ. "ಡಿಸ್ಕ್ ಮತ್ತ ಇಲ್ಲೇ ಇಡ್ತೀರೇನು?"

"ಇಲ್ಲ."

ಅವನ ಮುಖ ಕಳೆಗುಂದಿತು. ಶರ್ಮಿಳಾ ದಾರಿಯುದ್ದಕ್ಕೂ ಬೇರೊಂದು ಮಾತು ಸಿದ್ಧಪಡಿಸಿಕೊಂಡು ಬಂದಿದ್ದಳು. ಈಗ ಬಾಯಿಗೆ ಬಂದದ್ದು ಅದಲ್ಲ.

"ನಾನು ಇಲ್ಲಿಗೇ ಬರುವುದಾದರೆ, ಇದು ಬೇರೆ ಮನೆ ಹೇಗಾಗ್ತದೆ?"

ವಿಠಲ ಲೆಕ್ಕ ಹಾಕಿದ. ಬಹಳ ಹೊತ್ತು ಹಾಕಿದ. ಉತ್ತರ ಬಂದಾಗ ಅವನ ಕಿವಿಗಳು ಕೆಂಪಾದವು.

"ನಿಮ್ಮ ತಾಯಿ ಹಂತೇಕ ಇಡಬಹುದಲ್ರಿ, ಡೊಂಬಿವಲಿದಾಗ. ನಾ ಬಂದು ಅವ್ರಿಗೆ ಕೇಳ್ಲೇನು?"

"ಅಮ್ಮನನ್ನು ಆಮೇಲೆ ಕೇಳಿ." ಅವಳ ಧ್ವನಿ ತಗ್ಗಿತು. "ಮೊದಲು ನನ್ನನ್ನು ಕೇಳಿ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಬರ್ತೀರೇನ್ರಿ, ಈ ಮನಿಗೆ?"

"ಬರ್ತೇನೆ."