ದಿಕ್ಸೂಚಿಯಡಿ ಮುಚ್ಚಿಹೋದ ಕೊಲ್ಲಿ

"ಈ ನಕ್ಷೆ ಬರೆದ ಮಹಾನುಭಾವರು ಯಾರ್ರೀ?"

ಪ್ರವಾಸ ಕಚೇರಿಯ ಬಾಗಿಲನ್ನು ಅವಳು ತಳ್ಳಿದ ರಭಸಕ್ಕೆ ಗೋಡೆಯ ನಕ್ಷೆಯಲ್ಲಿದ್ದ ದ್ವೀಪಗಳೆಲ್ಲ ಜಾಗ ಬದಲಿಸಿದವು. ಸುಳ್ಳಲ್ಲ! ನಾನು ಲಕ್ಷ ಸಿಟ್ಟು ಕಂಡವನು. ಏಳು ಸಮುದ್ರ ಕುದಿಸುವ ಸಿಟ್ಟು ಕಂಡದ್ದು ಅದೊಂದೇ ಸಲ.

ಅವಳು ದೋಣಿಯವಳು. ಪ್ರವಾಸಿಗರನ್ನು ಕೂರಿಸಿಕೊಂಡು ತನ್ನ ಕೊಲ್ಲಿಯ ಕಲ್ಲಿನ ಕಮಾನಿನೊಳಗೆ ದೋಣಿ ನುಗ್ಗಿಸಿದರೆ ಮೀನುಗಳೇ ಚಪ್ಪಾಳೆ ತಟ್ಟಬೇಕು!

ಅವಳ ಕೈಯಲ್ಲಿ ರಜೆಗೆಂದು ಅಚ್ಚಾದ ಹೊಸ ಪ್ರವಾಸಿ ನಕ್ಷೆ. ಮರಳ ದಂಡೆ ಹಳದಿ, ದೀಪಸ್ತಂಭಗಳ ದಾರಿ ಕೆಂಪು, ದ್ವೀಪಗಳು ಹಸಿರು. ಇಡೀ ಕರಾವಳಿ ಇದೆ. ಅವಳ ಕೊಲ್ಲಿ ಇರಬೇಕಾದ ಕಡೆ ಮಾತ್ರ ತಟ್ಟೆಯಷ್ಟು ದೊಡ್ಡ ದಿಕ್ಸೂಚಿಯ ಚಿತ್ರ!

ಮೇಜಿನ ಹಿಂದಿದ್ದವನು ತಲೆ ಎತ್ತಿದ.

"ಅಯ್ಯೋ... ಭಾನುವಾರದ ಸಾರ್?!" ಎಂದಳು ಅವಳು.

ವರ್ಷವಿಡೀ ಒಂದು ಭಾನುವಾರವೂ ತಪ್ಪದೆ ಅವಳ ದೋಣಿ ಹತ್ತಿ, ತುಟಿ ಬಿಚ್ಚದೆ ಕಡಲು ನೋಡಿದವನು. ಕಡಲಂತೆ! ಅವನು ಏನು ನೋಡುತ್ತಿದ್ದನೆಂದು ನನಗೆ ಗೊತ್ತಿಲ್ಲವೇ?

'ನನ್ನ ದೋಣಿಲಿ ಕೂತು ನನ್ನ ಕೊಲ್ಲಿನೇ ಅಳಿಸಿದ್ದು ಇವರಾ?...' ಅವಳು ನಕ್ಷೆಯನ್ನು ಮೇಜಿಗೆ ಬಡಿದಳು.

"ಈ ರಜೆಗೂ ಜನ ಬರದಿದ್ರೆ ಅಪ್ಪ ದೋಣಿ ಮಾರ್ತಾರೆ! ಅಷ್ಟು ದೊಡ್ಡ ಸಮುದ್ರದಲ್ಲಿ ನಿಮ್ಮ ದಿಕ್ಸೂಚಿಗೆ ಬೇರೆ ಜಾಗ ಸಿಗ್ಲಿಲ್ವಾ?"

"ಸಿಕ್ಕಿತ್ತು..."

"ಮತ್ತೆ? ಕೈ ಜಾರಿತಾ?"

"ಇಲ್ಲ. ಬೇಕಂತಲೇ ಇಟ್ಟೆ." ಅವನು ತಲೆ ತಗ್ಗಿಸಿದ. "ನಕ್ಷೆಲಿ ಬಂದ್ರೆ ಜನ ತುಂಬ್ತಾರೆ. ಆಮೇಲೆ ನೀವು ನನ್ನ ಕಡೆ ತಿರುಗಿಯೂ ನೋಡಲ್ಲ ಅನ್ನಿಸ್ತು. ನಿಮ್ಮನ್ನ... ತುಂಬಾ ಇಷ್ಟಪಡ್ತೀನಿ."

ಬೇರೆ ನಾಯಕಿಯಾಗಿದ್ದರೆ ಬೆಣ್ಣೆಯಂತೆ ಕರಗುತ್ತಿದ್ದಳು. ಇವಳಾ?

"ಇದಕ್ಕೆ ಇಷ್ಟ ಅಂತಾರಾ? ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ ಸಾರ್! ಬಾಯಿಬಿಟ್ಟು ಒಂದು ಮಾತು ಕೇಳೋಕೆ ಧೈರ್ಯ ಇಲ್ಲ, ಕೊಲ್ಲಿ ಮುಚ್ಚೋಕೆ ಮಾತ್ರ ಧೈರ್ಯ ಬಂತಾ?"

ಅವನ ಮುಖ ಬಿಳಿಚಿತು. ದೋಣಿ ಮಾರುವ ವಿಷಯ ಅವನಿಗೆ ತಿಳಿದಿರಲಿಲ್ಲ. ಎದ್ದು ನೇರ ಮೇಲಧಿಕಾರಿಯ ಕೋಣೆಗೆ ಹೋದ.

"ತಪ್ಪು ನಂದೇ ಮೇಡಂ. ಬೇಕಂತಲೇ ಮಾಡಿದೆ."

ಮೇಡಂ ಕೂಗಿದ ಕೂಗಿಗೆ ಬಂದರಿನ ಹಡಗುಗಳು ಲಂಗರು ಕಿತ್ತುಕೊಂಡು ಓಡಿದವು!

ನಕ್ಷೆಯ ಕೆಲಸ ಹೋಯಿತು. ಅವನನ್ನು ಕೆಳಗಿನ ವಿಚಾರಣೆಯ ಕಿಟಕಿಗೆ ಹಾಕಿದರು. ಕೊಲ್ಲಿಯ ಚಿತ್ರ ಚೀಟಿಯಾಗಿ ಅಚ್ಚಾಗಿ ಬಂತು. ಗೋದಾಮಿನ ಪ್ರತಿ ನಕ್ಷೆಗೂ, ದಿಕ್ಸೂಚಿಯ ಮೇಲೆ, ಅವನೇ ಕೂತು ಅಂಟಿಸಿದ.

ರಜೆ ಬಂತು. ಜನವೋ ಜನ! ದೋಣಿ ಉಳಿಯಿತು. ಬಂದವರೆಲ್ಲರದೂ ಒಂದೇ ಮಾತು: "ಕಿಟಕಿಯವರು ಮೊದಲು ಇಲ್ಲಿಗೇ ಹೋಗಿ ಅಂದ್ರು."

ಅವನು ಮಾತ್ರ ಬರಲಿಲ್ಲ. ಒಂದು ಭಾನುವಾರ... ಎರಡು... ಮೂರು...

ನಾಲ್ಕನೆಯ ವಾರ ಅವಳೇ ಕಿಟಕಿಯ ಸಾಲಿನಲ್ಲಿ ನಿಂತಳು.

"ಮುಂದಿನವರು ಬನ್ನಿ," ಎಂದ, ತಲೆ ಎತ್ತದೆ.

"ಮೂರು ವಾರದಿಂದ ಎಲ್ಲಿ ಹಾಳಾಗಿ ಹೋಗಿದ್ರಿ?"

ಅವನು ಬೆಚ್ಚಿದ. "ದೋಣಿ ತುಂಬಿರುತ್ತೆ... ನನ್ನ ಮುಖ ನೋಡೋಕೂ ನಿಮಗೆ ಇಷ್ಟ ಇರಲ್ಲ ಅಂತ..."

"ಮತ್ತೆ ನನ್ನ ಕೇಳದೇನೇ ತೀರ್ಮಾನ ಮಾಡಿದ್ರಾ?!"

ಹಿಂದಿದ್ದವರು ಕಿವಿ ನೆಟ್ಟಗೆ ಮಾಡಿದರು. ಅವನು ಎದ್ದು ನಿಂತ.

"...ಕೇಳ್ಲಾ?"

"ಗಟ್ಟಿಯಾಗಿ ಕೇಳಿ."

"ಜೀವನ ಪೂರ್ತಿ ನಿಮ್ಮ ಜೊತೆ ಬರ್ಲಾ?"

ಅವಳ ಕಣ್ಣು ತುಂಬಿತು. ದನಿಯಲ್ಲಿ ಮಾತ್ರ ಇನ್ನೂ ಗದರಿಕೆ.

"ಬನ್ನಿ. ಆದ್ರೆ ಸುಮ್ಮನೆ ಕೂರೋ ಹಾಗಿಲ್ಲ... ಹಗ್ಗ ಎಳೀಬೇಕು."