ಮರಳಲೆಯ ಅಡುಗೆಮನೆ

ಗೋಡೆಯ ಪರದೆಯ ಮೇಲೆ ಮೊದಲು ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕುಣಿದವು. ಆಮೇಲೆ ಒಂದು ಒಲೆ ಕಾಣಿಸಿತು. ಒಲೆಯ ಹಿಂದೆ ಹಸಿರು ಸೀರೆಯ ಹುಡುಗಿ, ಅವಳ ಪಕ್ಕದಲ್ಲಿ ಅಗಲ ಕಾಲರಿನ ಅಂಗಿ ತೊಟ್ಟ ಒಬ್ಬ ಗಂಡಸು. ಹುಡುಗಿ ಬಾಣಲೆಯಿಂದ ಒಂದು ಚಮಚ ತೆಗೆದು ಅವನ ಕೈಗೆ ಕೊಟ್ಟಳು. ಅವನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ, ಕಣ್ಣು ತೆರೆದು ಏನೋ ಹೇಳಿದ. ಹುಡುಗಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಇದಿಷ್ಟೂ ಒಂದಿನಿತೂ ಸದ್ದಿಲ್ಲದೆ ನಡೆಯಿತು.

"ಏನಂದ ಅವನು?" ಎಂದು ಪರಶಿವಮೂರ್ತಿ ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯನ್ನು ಕೇಳಿದರು.

ವಿಶಾಲಾಕ್ಷಮ್ಮ ಮಡಿಲಲ್ಲಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದರು. ‘ಅರವತ್ತು ವರ್ಷದ ಹಿಂದಿನ ಮಾತು. ಯಾರಿಗ್ರೀ ನೆನಪಿರತ್ತೆ?’

"ನಕ್ಕಿದ್ದು ನೀನಲ್ವಾ? ಅಷ್ಟು ಜೋರಾಗಿ ನಕ್ಕಿದ್ದು ನಿನಗೇ ನೆನಪಿಲ್ಲ ಅಂದ್ರೆ ಏನರ್ಥ?"

ವಿಶಾಲಾಕ್ಷಮ್ಮ ಸ್ಲೇಟನ್ನು ಸೆರಗಿನಿಂದ ಒರೆಸಿ ಎದ್ದು ಒಳಗೆ ಹೋದರು. ಪರದೆಯ ಮೇಲಿನ ಹಸಿರು ಸೀರೆಯ ಹುಡುಗಿ ಇನ್ನೂ ನಗುತ್ತಲೇ ಇದ್ದಳು.

ಈ ಚಿತ್ರ ಬರುತ್ತಿದ್ದುದು ಯಾವ ಹಳೆಯ ಟೇಪಿನಿಂದಲೂ ಅಲ್ಲ, ಆಕಾಶದಿಂದ. ಟಿವಿ ಕೇಂದ್ರಗಳು ಒಂದು ಕಾಲದಲ್ಲಿ ಪ್ರಸಾರ ಮಾಡಿದ ಅಲೆಗಳು ಮನೆಮನೆಯ ಆಂಟೆನಾ ತಲುಪಿದ ಮೇಲೂ ನಿಂತಿರಲಿಲ್ಲ. ಬಾಹ್ಯಾಕಾಶದಲ್ಲಿ ಮೂವತ್ತು ವರ್ಷ ಓಡಿ, ದೂರದ ಒಂದು ಧೂಳಿನ ಮೋಡಕ್ಕೆ ಬಡಿದು, ಇನ್ನೊಂದು ಮೂವತ್ತು ವರ್ಷ ಹಿಂದಕ್ಕೆ ಓಡಿ ಬಂದಿದ್ದವು. ವಿಜ್ಞಾನಿಗಳು ಇದಕ್ಕೆ ಮರಳಲೆ ಎಂದು ಹೆಸರಿಟ್ಟರು. ಅಷ್ಟು ಕ್ಷೀಣವಾದ ಅಲೆಯನ್ನು ಹಿಡಿದು ಚಿತ್ರವಾಗಿಸುವ ಅಂಗೈಯಗಲದ ಗ್ರಾಹಕ ಫಲಕವೊಂದು ಮಾರುಕಟ್ಟೆಗೆ ಬಂದದ್ದೇ ತಡ, ಮೈಸೂರಿನ ಜನ ಅದನ್ನು ಮಿಕ್ಸಿ ಕೊಂಡಷ್ಟೇ ಸಲೀಸಾಗಿ ಕೊಂಡು ಕಂಪ್ಯೂಟರಿಗೆ ಸಿಕ್ಕಿಸಿಕೊಂಡರು. ಕೆಲವರು ಹಳೆಯ ಕ್ರಿಕೆಟ್ ನೋಡಿದರು, ಕೆಲವರು ಧಾರಾವಾಹಿ. ಒಂದೇ ಒಂದು ನಿಬಂಧನೆಯಿತ್ತು. ಮರಳಲೆ ಹಾದುಹೋಗುವುದು ಒಂದೇ ಸಲ. ಆ ಗಳಿಗೆಯಲ್ಲಿ ಹಿಡಿದಿಟ್ಟುಕೊಂಡದ್ದು ಉಂಟು, ಬಿಟ್ಟದ್ದು ಇಲ್ಲ.

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದ ಪರಶಿವಮೂರ್ತಿಗೆ ಇಂಥ ಆಟಗಳ ಹುಚ್ಚಿರಲಿಲ್ಲ. ಅವರು ಫಲಕ ತಂದದ್ದು ಹೆಂಡತಿಯ ದನಿಗಾಗಿ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ವಿಶಾಲಾಕ್ಷಮ್ಮನ ಮಾತು ಹೋಗಿಬಿಟ್ಟಿತ್ತು. ತುಟಿ ಮತ್ತು ಗಂಟಲಿನ ಚಲನೆಯನ್ನು ಓದಿ ಮಾತನಾಡುವ ದನಿಯಚ್ಚು ಎಂಬ ಯಂತ್ರ ಆಸ್ಪತ್ರೆಯಲ್ಲೇ ಸಿಗುತ್ತಿತ್ತು, ಪದಕದಂತೆ ಕೊರಳಿಗೆ ಹಾಕಿಕೊಂಡರಾಯಿತು. ಆದರೆ ಅದರೊಳಗಿನ ಸಿದ್ಧ ದನಿ ಪ್ಲಾಟ್‌ಫಾರ್ಮಿನಲ್ಲಿ ರೈಲು ತಡ ಎಂದು ಸಾರುವ ಹೆಂಗಸಿನದರಂತಿತ್ತು. ವಿಶಾಲಾಕ್ಷಮ್ಮ ಅರ್ಧ ದಿನ ಹಾಕಿಕೊಂಡು ಬಿಚ್ಚಿಟ್ಟರು. ‘ಅವಳು ನಮ್ಮನೇಲಿ ಮಾತಾಡೋದು ಬೇಡ’ ಎಂದು ಸ್ಲೇಟಿನಲ್ಲಿ ಬರೆದರು. ಸ್ವಂತ ದನಿಯೇ ಬೇಕೆಂದರೆ ಅಚ್ಚು ತೆಗೆಯಲು ಹಳೆಯ ಮಾತಿನ ಮಾದರಿ ಬೇಕಿತ್ತು. ಮನೆಯ ವಿಡಿಯೊಗಳಲ್ಲೆಲ್ಲ ಕ್ಯಾಮೆರಾ ಹಿಡಿದವರು ಆಕೆಯೇ ಆದ್ದರಿಂದ ‘ಈ ಕಡೆ ನೋಡಿ’ ಎಂಬುದನ್ನು ಬಿಟ್ಟರೆ ಆಕೆಯ ಮಾತು ಎಲ್ಲಿಯೂ ಉಳಿದಿರಲಿಲ್ಲ.

ಉಳಿದದ್ದು ಮರಳಲೆಯಲ್ಲಿ ಮಾತ್ರ. ಮದುವೆಗೆ ಮುಂಚೆ ಆಕೆ ಬೆಂಗಳೂರಿನ ಟಿವಿ ಕೇಂದ್ರದಲ್ಲಿ ‘ರುಚಿಮನೆ’ ಎಂಬ ವಾರದ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಆಕೆ ಅಡುಗೆ ಮಾಡುವುದು, ಕಿಶೋರಚಂದ್ರ ಎಂಬ ನಿರೂಪಕ ರುಚಿ ನೋಡುವುದು.

ಈ ಕಿಶೋರಚಂದ್ರನ ಹೆಸರು ಕೇಳಿದರೆ ಪರಶಿವಮೂರ್ತಿಗೆ ಮದುವೆಯಾದ ದಿನದಿಂದಲೂ ಮೈ ಉರಿಯುತ್ತಿತ್ತು. ಆಗ ಅವರಿದ್ದ ಸಣ್ಣ ಸ್ಟೇಷನ್ನಿನಲ್ಲಿ ಟಿವಿ ಇರಲಿಲ್ಲ, ಕಾರ್ಯಕ್ರಮವನ್ನು ಅವರು ನೋಡಿರಲೇ ಇಲ್ಲ. ಆದರೆ ನೆಂಟರ ಮದುವೆ ಮುಂಜಿಗಳಲ್ಲೆಲ್ಲ ಯಾರಾದರೊಬ್ಬರು, "ಅಯ್ಯೋ, ಟಿವೀಲಿ ಬರ್ತಿದ್ರಲ್ಲ, ಆ ಸ್ಮಾರ್ಟಾಗಿದ್ದೋರ ಜೊತೆ!" ಎಂದು ವಿಶಾಲಾಕ್ಷಮ್ಮನನ್ನು ಗುರುತು ಹಿಡಿಯುತ್ತಿದ್ದರು. ಆ ಸ್ಮಾರ್ಟಾಗಿದ್ದವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಒಂದು ದೊಡ್ಡ ಅನಾನುಕೂಲವಿದೆ, ಅವನಿಗೆ ವಯಸ್ಸಾಗುವುದಿಲ್ಲ. ಈಗ ಪರದೆಯ ಮೇಲೆ ಅವನಿಗೆ ತಲೆ ತುಂಬ ಕೂದಲಿತ್ತು. ಪ್ರತಿ ವಾರವೂ ಅವನು ವಿಶಾಲಾಕ್ಷಿಯ ಕೈಯಡುಗೆ ತಿಂದು ಹೊಗಳುತ್ತಿದ್ದ.

ಹೊಗಳುವುದು ಪರಶಿವಮೂರ್ತಿಯ ಮನೆತನದಲ್ಲಿ ನಿಷಿದ್ಧ. ತಟ್ಟೆಯ ಮುಂದೆ ಕೂತು ಚೆನ್ನಾಗಿದೆ ಎಂದರೆ ಅಡುಗೆ ಮಾಡಿದ ಕೈಗೆ ದೃಷ್ಟಿ ತಾಗುತ್ತದೆ ಎಂದು ಅವರ ತಾಯಿ ಕಟ್ಟುನಿಟ್ಟು ಮಾಡಿದ್ದರು. ಮತ್ತೊಮ್ಮೆ ಬಡಿಸಿಕೊಂಡರೆ ಅದೇ ಮೆಚ್ಚುಗೆ. ವಿಜ್ಞಾನ ಓದಿ, ಸಿಗ್ನಲ್ಲುಗಳನ್ನು ನಂಬಿ ಬದುಕಿದರೂ ಪರಶಿವಮೂರ್ತಿ ಈ ಒಂದು ನಿಯಮವನ್ನು ಮಾತ್ರ ಮೀರಿರಲಿಲ್ಲ.

ಚಿತ್ರವಷ್ಟೇ ಬಂದು ಧ್ವನಿ ಬಾರದೆ ವಾರಗಳು ಉರುಳಿದಾಗ, ಮರಳಲೆ ಸಂಶೋಧನ ಕೇಂದ್ರದ ಡಾಕ್ಟರ್ ಫಿರ್ದೋಸ್ ಮನೆಗೇ ಬಂದರು. ವಿಶಾಲಾಕ್ಷಮ್ಮ ಕೊಟ್ಟ ಕಾಫಿ ಹೀರುತ್ತ ಅವರು ಕಂಪ್ಯೂಟರಿನ ಮುಂದೆ ಕುಳಿತರು.

"ಫಲಕ ಕೆಟ್ಟಿದೆಯೇನಮ್ಮ?" ಎಂದರು ಪರಶಿವಮೂರ್ತಿ. "ವೈರು, ಸ್ಪೀಕರು ಎಲ್ಲಾ ನಾನೇ ನೋಡಿದೀನಿ."

"ಕೆಟ್ಟಿಲ್ಲ ಸರ್. ಫಲಕ ತಾನಾಗೇ ಏನೂ ಮಾಡೋದಿಲ್ಲ. ಏನು ಮಾಡ್ಬೇಕು ಅಂತ ಅದಕ್ಕೆ ಹೇಳೋದು ಚಾಲಕ ತಂತ್ರಾಂಶ, ಡ್ರೈವರ್ ಅಂತೀವಲ್ಲ, ಅದು. ಟಿವಿ ಅಲೇಲಿ ಚಿತ್ರ ಬೇರೆ, ಧ್ವನಿ ಬೇರೆ. ಎರಡೂ ಒಟ್ಟಿಗೇ ಬರತ್ತೆ, ಆದ್ರೆ ಮಧ್ಯೆ ಒಂದಿಷ್ಟು ಅಂತರ ಇಟ್ಕೊಂಡು. ಆ ಅಂತರ ಒಂದೊಂದು ದೇಶದಲ್ಲಿ ಒಂದೊಂದು ಥರ ಇತ್ತು. ಈ ಚಾಲಕ ಬರೆದೋರು ತಮ್ಮ ದೇಶದ ಅಂತರ ಹಾಕಿಟ್ಟಿದಾರೆ. ಹಾಗಾಗಿ ಇದು ಧ್ವನಿ ಇಲ್ಲದ ಕಡೆ ಹೋಗಿ ಹುಡುಕ್ತಿದೆ."

"ಅಂದ್ರೆ ಧ್ವನಿ ಪ್ರತಿ ವಾರಾನೂ ಬಂದಿದೆ?"

"ಬಂದು, ನಿಮ್ಮ ಮನೆ ಮೇಲೇ ಹಾದು ಹೋಗಿದೆ."

ಫಿರ್ದೋಸ್ ಚಾಲಕದ ಹೊಂದಾಣಿಕೆಯ ಪುಟ ತೆರೆದು, ದೇಶದ ಹೆಸರು ಬದಲಿಸಿ, ಅಂತರವನ್ನು ಆರು ಮೆಗಾಹರ್ಟ್ಸ್‌ನಿಂದ ಐದೂವರೆಗೆ ಇಳಿಸಿದರು. ಅಂದಿನ ‘ರುಚಿಮನೆ’ ಮುಗಿದಿತ್ತು. ಆದರೆ ಒಮ್ಮೆಲೇ ಸ್ಪೀಕರಿನಿಂದ ಗಂಭೀರವಾದ ಗಂಡು ದನಿಯೊಂದು ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಏನಾಯಿತೆಂದು ಓದತೊಡಗಿತು. ಮೂವರೂ ಅಪಾರ ಸಂತೋಷದಿಂದ ಈರುಳ್ಳಿಯ ಧಾರಣೆ ಕೇಳಿದರು. ಇನ್ನು ಎಷ್ಟು ವಾರ ಉಳಿದಿದೆ ಎಂದು ಫಿರ್ದೋಸ್ ಕೇಳಿದಾಗ ವಿಶಾಲಾಕ್ಷಮ್ಮ ಎರಡು ಬೆರಳು ತೋರಿಸಿದರು. ಆಮೇಲೆ ಮದುವೆ ಎಂದು ಬೆರಳಿನಿಂದಲೇ ತಾಳಿ ಕಟ್ಟಿ ತೋರಿಸಿದರು.

"ಹತ್ತು ನಿಮಿಷದ ಮಾತು ಸಿಕ್ರೂ ಸಾಕು, ಅಚ್ಚು ತೆಗೀಬಹುದು. ಆದ್ರೆ ಒಂದು ಮಾತು ಸರ್," ಎಂದು ಫಿರ್ದೋಸ್ ಹೊರಡುವ ಮುನ್ನ ಎಚ್ಚರಿಸಿದರು. "ಕಾರ್ಯಕ್ರಮ ಶುರುವಾದ ಮೇಲೆ ರಿಮೋಟಿನ ಮ್ಯೂಟ್ ಗುಂಡಿ ಮುಟ್ಬೇಡಿ. ಅದು ಸ್ಪೀಕರನ್ನಲ್ಲ, ಫಲಕವನ್ನೇ ಮೌನ ಮಾಡತ್ತೆ. ಮತ್ತೆ ಒತ್ತಿದ್ರೆ ಈ ಚಾಲಕ ಎಲ್ಲಾ ದೇಶಗಳನ್ನೂ ಮೊದಲಿಂದ ಹುಡುಕ್ಕೊಂಡು ಬರತ್ತೆ. ಬಹಳ ಹೊತ್ತು ಹಿಡಿಯತ್ತೆ."

ಮುಂದಿನ ವಾರ ಗಂಡಹೆಂಡತಿ ಪರದೆಯ ಮುಂದೆ ಕುಳಿತರು. ಹಸಿರು ಸೀರೆಯ ಬದಲು ಹಳದಿ ಸೀರೆ. ಮೊದಲು ಮಾತಾಡಿದವನು ಕಿಶೋರಚಂದ್ರ.

ಪರಶಿವಮೂರ್ತಿ ಆ ದನಿಯನ್ನು ಬಗೆಬಗೆಯಾಗಿ ಊಹಿಸಿಕೊಂಡಿದ್ದರು. ಕೀರಲು ದನಿಯಿರಲಿ ಎಂದು ಒಳಗೊಳಗೇ ಹಾರೈಸಿಕೊಂಡಿದ್ದರು. ಆದರೆ ಬಂದದ್ದು ತುಪ್ಪ ಸವರಿದಂಥ ದನಿ. "ಹೋದ ವಾರದ ಚಿರೋಟಿಯ ಗುಂಗಿನಲ್ಲೇ ನಾನು ವಾರ ಕಳೆದೆ, ವಿಶಾಲಾಕ್ಷಿ," ಎಂದಿತು ಅದು. ವಿಶಾಲಾಕ್ಷಿಯವರೇ ಎಂದಲ್ಲ, ಬರೀ ವಿಶಾಲಾಕ್ಷಿ! ಪರಶಿವಮೂರ್ತಿ ಓರೆಗಣ್ಣಿನಿಂದ ನೋಡಿದರು. ಹೆಂಡತಿಯ ಮುಖದಲ್ಲಿ ಅವರು ಇಷ್ಟು ವರ್ಷದಲ್ಲಿ ಕಾಣದ ಒಂದು ನಸುನಗೆ ಇತ್ತು. ಅವನ ಮಾತು ಮುಗಿಯುವ ತನಕ ಮಾತ್ರ, ಒಂದೇ ಗಳಿಗೆ, ಎಂದುಕೊಂಡು ಅವರು ಗುಂಡಿ ಒತ್ತಿದರು.

ದನಿ ನಿಂತಿತು. ಕಿಶೋರಚಂದ್ರನ ಬಾಯಿ ಮೀನಿನ ಬಾಯಿಯಂತೆ ಸುಮ್ಮನೆ ಆಡಿತು. ಪರಶಿವಮೂರ್ತಿಗೆ ಆದ ಸುಖ ಇಷ್ಟಿಷ್ಟಲ್ಲ. ಅಷ್ಟರಲ್ಲಿ ವಿಶಾಲಾಕ್ಷಿಯ ತುಟಿ ಅಲುಗಿತು, ಅವರು ಮತ್ತೆ ಗುಂಡಿ ಒತ್ತಿದರು. ಚಾಲಕ ಮೊದಲ ದೇಶದಿಂದ ಹುಡುಕತೊಡಗಿತು. ಮಂಡಿಗೆಯನ್ನು ಹೇಗೆ ಮಾಡಬೇಕೆಂದು ಆ ಹುಡುಗಿ ಕೈ ತಿರುಗಿಸಿ ವಿವರಿಸಿದಳು, ಹಿಟ್ಟು ನಾದಿದಳು, ನಕ್ಕಳು, ಕೈಮುಗಿದಳು. ಧ್ವನಿ ಮರಳುವ ಹೊತ್ತಿಗೆ ಕಾರ್ಯಕ್ರಮ ಮುಗಿದು ಈರುಳ್ಳಿಯ ಧಾರಣೆ ಬರುತ್ತಿತ್ತು.

"ಆ ಧೂಳಿನ ಮೋಡ ತೆಳ್ಳಗಾಗಿರ್ಬೇಕು," ಎಂದರು ಪರಶಿವಮೂರ್ತಿ, ಹೆಂಡತಿಯ ಕಡೆ ನೋಡದೆ.

ವಿಶಾಲಾಕ್ಷಮ್ಮ ಸ್ಲೇಟು ಮುಟ್ಟಲಿಲ್ಲ. ಆ ಇಡೀ ವಾರ ಮುಟ್ಟಲಿಲ್ಲ. ಊಟಕ್ಕೆ ಕರೆಯಲು ಲೋಟ ಬಡಿಯುತ್ತಿದ್ದರು, ಅಷ್ಟೇ. ಪರಶಿವಮೂರ್ತಿಗೆ ಅನ್ನ ಸೇರದಾಯಿತು. ತನ್ನ ಹೆಂಡತಿಯ ದನಿಯನ್ನು ತಾನೇ ಆಕಾಶಕ್ಕೆ ಚೆಲ್ಲಿದೆನಲ್ಲ ಎಂಬ ಸಂಕಟ ಒಂದು ಕಡೆ. ಆ ನಸುನಗೆ ಯಾಕೆ ಬಂತು ಎಂಬ ಉರಿ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಕೇಳಿದ್ದರೆ ಅವರು ನಾಚಿಕೆಯಿಂದ ಉರಿಯೇ ಎನ್ನಬೇಕಾಗಿತ್ತು.

ಕೊನೆಯ ವಾರ ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು.

"ವೀಕ್ಷಕರೇ, ಇದು ನಮ್ಮ ವಿಶಾಲಾಕ್ಷಿಯ ಕೊನೆಯ ಅಡುಗೆ," ಎಂದ ಕಿಶೋರಚಂದ್ರ. "ಮುಂದಿನ ವಾರ ಇವರ ಮದುವೆ. ಇವತ್ತು ಅಡುಗೆಗಿಂತ ಮಾತೇ ಹೆಚ್ಚು. ಹೇಳಿ, ನಿಮ್ಮ ಯಜಮಾನರಾಗುವವರು ರುಚಿ ಬಲ್ಲವರೇ?"

ಆಗ ಬಂತು ಆ ದನಿ. "ಗೊತ್ತಿಲ್ಲ ಸಾರ್! ನೋಡೋಕೆ ಬಂದ ದಿನ ನಾನೇ ಕೇಸರಿಭಾತು ಮಾಡಿದ್ದೆ. ತಟ್ಟೆ ಖಾಲಿ ಮಾಡಿದ್ರು. ಮತ್ತೆ ಬಡಿಸಿದ್ರೆ ಅದನ್ನೂ ಖಾಲಿ ಮಾಡಿದ್ರು. ಬಾಯಿ ಮಾತ್ರ ಬಿಡ್ಲಿಲ್ಲ."

"ಅಯ್ಯೋ, ಚೆನ್ನಾಗಿದೆ ಅಂತ ಒಂದು ಮಾತೂ ಇಲ್ಲವೇ?"

"ಇಲ್ಲ. ಆದ್ರೆ ಎದ್ದು ಹೋಗುವಾಗ ಬಾಗಿಲ ಹತ್ರ ತಿರುಗಿ ನೋಡಿದ್ರು. ನನ್ನಲ್ಲ, ಪಾತ್ರೇನ!" ಹುಡುಗಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. "ಇವತ್ತಲ್ಲ ನಾಳೆ ಹೇಳ್ತಾರೆ ಬಿಡಿ. ನಾನು ಕಾಯ್ತೀನಿ."

ಮುಂದೆ ಇಬ್ಬರೂ ಬಹಳ ಮಾತಾಡಿದರು. ಹೆಚ್ಚಾಗಿ ಅವಳೇ ಮಾತಾಡಿದಳು. ಕಡೆಗೆ ಚಮಚ ಅವನ ಕೈಗಿತ್ತು, "ಹೇಗಿದೆ?" ಎಂದಳು. ಅವನು ಅಮೃತ, ಅದ್ಭುತ ಎಂದು ಇದ್ದಬದ್ದ ಪದಗಳನ್ನೆಲ್ಲ ಸುರಿದ. ಪರಶಿವಮೂರ್ತಿ ಗುಂಡಿಯ ಕಡೆ ನೋಡಲೂ ಇಲ್ಲ. ಅವರಿಗೆ ಕೇಳುತ್ತಿದ್ದುದು ಕಾಯ್ತೀನಿ ಎಂಬ ಒಂದೇ ಮಾತು. ಪಕ್ಕದಲ್ಲಿದ್ದ ಹೆಂಡತಿ ಏನು ಯೋಚಿಸುತ್ತಿದ್ದಾಳೆಂದು ನೋಡುವ ಧೈರ್ಯ ಬರಲಿಲ್ಲ.

ಅಚ್ಚು ಸಿದ್ಧವಾಗಿ ಬಂದ ದಿನ ಫಿರ್ದೋಸ್ ಅದನ್ನು ವಿಶಾಲಾಕ್ಷಮ್ಮನ ಕೊರಳಿಗೆ ಹಾಕಿ, ಸರಿಹೊಂದಿಸಿ, ಸ್ವಲ್ಪ ಮುಜುಗರದಿಂದಲೇ ಹೇಳಿದರು. "ಸರ್, ನಾವು ಯಾರೂ ಅಂದ್ಕೊಳ್ಳದೇ ಇದ್ದಿದ್ದು ಒಂದಾಗಿದೆ. ಅಚ್ಚಿಗೆ ದನಿ ಮಾತ್ರ ಸಿಗತ್ತೆ ಅಂದ್ಕೊಂಡಿದ್ವಿ. ಮಾದರಿ ಅಷ್ಟೂ ಒಂದೇ ಧಾಟೀಲಿ ಇತ್ತಲ್ಲ, ಆ ಧಾಟಿನೂ ಬಂದ್ಬಿಟ್ಟಿದೆ. ಅಮ್ಮ ಏನು ಹೇಳಿದ್ರೂ ಹಾಗೇ ಕೇಳಿಸತ್ತೆ. ತಿದ್ದೋಕೆ ಬೇರೆ ಮಾದರಿ ಇಲ್ಲ."

ಅದು ನಿಜವಾಗಿತ್ತು. "ರೀ, ಗ್ಯಾಸ್ ಆರಿಸಿ" ಎಂಬುದೂ, "ಮಾತ್ರೆ ತಗೊಂಡ್ರಾ" ಎಂಬುದೂ ನಗು ತುಂಬಿದ, ಇಪ್ಪತ್ತೆರಡರ ಹುಡುಗಿಯ ದನಿಯಲ್ಲಿ ಬಂದವು. ಕಿಶೋರಚಂದ್ರನೊಡನೆ ಆಡಿದ ಅದೇ ದನಿ, ತನಗೆಂದೂ ಸಿಕ್ಕದಿದ್ದ ದನಿ. ಈಗ ಅದು ದಿನವಿಡೀ ತನ್ನ ಹೆಸರಿಗೇ ಬರುತ್ತಿದ್ದರೆ, ಪರಶಿವಮೂರ್ತಿಗೆ ತಮ್ಮ ಮೇಲೇ ಹೊಟ್ಟೆಕಿಚ್ಚಾಗುವಂತಾಯಿತು.

ಸಂಜೆ ವಿಶಾಲಾಕ್ಷಮ್ಮ ಒಂದು ತಟ್ಟೆ ಕೇಸರಿಭಾತು ತಂದು ಮುಂದಿಟ್ಟು ಎದುರಿಗೇ ಕುಳಿತರು.

"ಆವತ್ತು ಗುಂಡಿ ಒತ್ತಿದ್ದು ನೀವೇ ಅಲ್ವಾ?"

ಪರಶಿವಮೂರ್ತಿ ತಲೆ ತಗ್ಗಿಸಿದರು. "ಹೂಂ."

"ಮೋಡ ತೆಳ್ಳಗಾಯ್ತು ಅಂದ್ರಿ. ನಿಮ್ಮ ಹೆಬ್ಬೆರಳು ನಾನು ನೋಡ್ಲಿಲ್ವಾ? ಸತ್ತೋನ ಮೇಲೆ ಅಷ್ಟೊಂದು ಹೊಟ್ಟೆಕಿಚ್ಚಾ?"

"ಹೂಂ. ಈಗಲೂ ಇದೆ."

ವಿಶಾಲಾಕ್ಷಮ್ಮ ನಕ್ಕರು. ಯಂತ್ರ ಆ ನಗುವನ್ನೂ ತಪ್ಪದೆ ನಕ್ಕಿತು. ತಟ್ಟೆಯನ್ನು ಇನ್ನಷ್ಟು ಮುಂದೆ ಸರಿಸಿ ಕೇಳಿದರು. "ಹೇಗಿದೆ?"

ಪರಶಿವಮೂರ್ತಿ ಒಂದು ಚಮಚ ಬಾಯಿಗಿಟ್ಟುಕೊಂಡರು. ನುಂಗಿದರು. ಒಳ್ಳೊಳ್ಳೆಯ ಪದಗಳನ್ನೆಲ್ಲ ಆ ಕಿಶೋರಚಂದ್ರ ಮೊದಲೇ ಆಡಿ ಮುಗಿಸಿದ್ದ. ಉಳಿದಿದ್ದುದು ಒಂದು ಸಣ್ಣ ಪದ. ಅದನ್ನು ಹೇಳಹೋದರೆ ತುಟಿ ಮಾತ್ರ ಅಲುಗಿತು.

"ಚಿತ್ರ ಬಂತು, ಧ್ವನಿ ಬರ್ಲಿಲ್ಲ," ಎಂದರು ವಿಶಾಲಾಕ್ಷಮ್ಮ. "ಇನ್ನೊಂದ್ಸಲ ಹೇಳಿ."

ಪರಶಿವಮೂರ್ತಿ ಇನ್ನೊಂದು ಸಲ ಹೇಳಿದರು.