ಕೆಳಗಿನ ಓಣಿಯ ಪಾಳಿ

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುವ ಕಾಲ. ಹೊತ್ತು ಮುಳುಗಿ ಮಸೀದಿಯ ಬಾಂಗ್ ಆಗತಾನೆ ಮುಗಿದಿತ್ತು. ಸುಚಿತ್ರಾ ಕೆಂಪು ಕಾಯಿಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಕಂಬದ ಕಡೆ ಹೊರಟಿದ್ದಳು. ಕಂಬದ ಮೇಲೆ ಬಿಳಿ ಡಬ್ಬಿ. ಡಬ್ಬಿಯಲ್ಲಿ ಪುಟ್ಟ ಹಸಿರು ದೀಪ.

ಕೆಳಗೆ ಪಡಸಾಲೆಯಲ್ಲಿ ಅಣ್ಣ ಮಧು ಗೆಳೆಯರ ಜೊತೆ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

“ಅಣ್ಣಾ, ನಮ್ಮ ಪಾಳಿ ಮುಗೀತು. ವೈಫೈ ಬಂದ್ ಮಾಡು,” ಎಂದು ಅವಳು ಹೇಳಿಯೇ ಮೇಲೆ ಬಂದಿದ್ದಳು.

“ಇನ್ನೊಂದು ಓವರ್ ತಡಿಯವ್ವಾ ತಾಯಿ,” ಎಂದಿದ್ದ ಅವನು. ಆ ಓವರ್ ಮುಗಿದು ಮತ್ತೊಂದು ಶುರುವಾಗಿತ್ತು.

ಮೇಡ್ಲೇರಿಯ ಆಚೆ, ಹೊಳೆಯ ತಗ್ಗಿನಲ್ಲಿದ್ದ ಆ ಊರಿಗೆ ಯಾವ ಟವರೂ ಎಟುಕುತ್ತಿರಲಿಲ್ಲ. ಒಂದು ಫೋನು ಮಾಡಬೇಕೆಂದರೂ ದೂರದ ದಿನ್ನೆ ಹತ್ತಬೇಕು. ಅದಕ್ಕೇ ಕಳೆದ ಬೇಸಿಗೆಯಲ್ಲಿ ಊರವರೇ ಕೂಡಿ ನೆಟ್ ತಂದರು. ಶಾಲೆಯ ಚೇತನಕುಮಾರ ಸರ್ ರಾಣೆಬೆನ್ನೂರಿಗೆ ಅಲೆದಾಡಿ, ಅದರ ಕೆಲಸ ಕಲಿತು ಬಂದರು. ಮೇಲಿನ ಓಣಿಯಲ್ಲಿ ಸುಚಿತ್ರಾಳ ಅಜ್ಜ ಗೋಣೆಪ್ಪ ನೆಟ್ಟಿನ ಡಬ್ಬಿ ಕೂರಿಸಲು ತನ್ನ ಮಾಳಿಗೆ ಕೊಟ್ಟ. ಕೆಳಗಿನ ಓಣಿಯ ಇಸಾಕಸಾಬ ಹಿತ್ತಲಿನ ಉದ್ದನೆಯ ಬಿದಿರು ಕಡಿದು ತನ್ನ ಅಂಗಳದಲ್ಲೇ ನಿಲ್ಲಿಸಿದ. ಅದರ ತುದಿಗೂ ಒಂದು ಡಬ್ಬಿ ಏರಿತು.

ಬಂದ ನೆಟ್ ಎರಡೂ ಓಣಿಗೆ ಒಮ್ಮೆಲೇ ಸಾಲುತ್ತಿರಲಿಲ್ಲ. ಆಗ ದಾರಿ ಹೇಳಿದವನು ಗೋಣೆಪ್ಪಜ್ಜ. ಕಾಲುವೆಯ ನೀರು ಹಂಚುತ್ತಲೇ ಮುದುಕನಾದವನು ಅವನು. ನೀರಿಗೆ ಇದ್ದಂತೆ ನೆಟ್ಟಿಗೂ ಪಾಳಿ ಮಾಡಿದ. ಸಂಜೆಯ ಬಾಂಗ್ ಆಗುವ ತನಕ ಮೇಲಿನ ಓಣಿ, ಆಮೇಲೆ ಕೆಳಗಿನ ಓಣಿ. ಪಾಳಿ ಮುಗಿದವರು ತಮ್ಮ ಫೋನಿನ ವೈಫೈ ತಾವೇ ಬಂದ್ ಮಾಡಬೇಕು. ಮೊದಮೊದಲು ಎಲ್ಲರೂ ಮಾಡಿದರು. ಬರಬರುತ್ತ ಒಬ್ಬರನ್ನು ನೋಡಿ ಒಬ್ಬರು ಬಿಟ್ಟರು.

ಇಸಾಕಸಾಬನ ಮೊಮ್ಮಗಳು ಕೈಸರ, ಸುಚಿತ್ರಾಳ ಗೆಳತಿ. ಇಬ್ಬರದೂ ಒಂದೇ ಬೆಂಚು. ಅಪ್ಪ ಅಮ್ಮ ಇಲ್ಲದ ಕೈಸರಳನ್ನು ಸಾಕಿದವನು ಅವಳ ದಾದಾ, ಅಂದರೆ ಈ ಅಜ್ಜನೇ. ಅವನೀಗ ಹಾವೇರಿಯ ದವಾಖಾನೆಯಲ್ಲಿ ಮಲಗಿದ್ದ. ಬ್ಯಾಡಗಿಯ ಚಿಕ್ಕಪ್ಪ, ಅಬ್ದುಲಗನಿ ಚಾಚಾ, ಅವನ ಹತ್ತಿರ ಇದ್ದ. ಚಾಚಿ ಬಂದು ಕೈಸರಳ ಜೊತೆಗಿದ್ದಳು. ಸಂಜೆ ಪಾಳಿ ಬಂದಾಗ ಚಾಚಿಯ ಫೋನಿನಲ್ಲಿ ದಾದಾ ಕಾಣುವನು. ಇಡೀ ದಿನ ಕೈಸರ ಕಾಯುತ್ತಿದ್ದದ್ದು ಅದಕ್ಕೇ.

ಅವತ್ತು ಗುರುವಾರ. ಬೆಳಿಗ್ಗೆ ಶಾಲೆಯಲ್ಲಿ ಕೈಸರ ಬ್ಯಾಗನ್ನು ಬೆಂಚಿನ ನಡುವೆ ಇಟ್ಟಿದ್ದಳು.

“ನಿನ್ನಿ ದಾದಾನ ಮಾರಿ ಚೂರು ಚೂರಾಗಿ ನಿಂತುಬಿಡ್ತು. ಒಂದು ಮಾತೂ ಕೇಳಲಿಲ್ಲ. ನಿಮ್ಮ ಓಣ್ಯಾವರು ನಮ್ಮ ಪಾಳಿ ಕದಿಯಾಕತ್ತಾರ.”

“ನಾ ಏನ್ ಕದ್ದೇನಿ?”

“ಡಬ್ಬಿ ನಿಮ್ಮ ಮಾಳಿಗಿ ಮ್ಯಾಲ ಐತಲ್ಲ.”

ಆಮೇಲೆ ಸಂಜೆಯ ತನಕ ಇಬ್ಬರೂ ಮಾತಾಡಲಿಲ್ಲ.

ಈಗ ಸುಚಿತ್ರಾ ಡಬ್ಬಿಯ ಮುಂದೆ ನಿಂತಳು. ಗದ್ದೆಗೆ ಹೋದಾಗಲೆಲ್ಲ ಅಜ್ಜ ಹೇಳುವ ಮಾತು ನೆನಪಾಯಿತು. ಮೇಲಿನವರು ತೂಬು ಮುಚ್ಚಿದರಷ್ಟೇ ಕೆಳಗಿನವರಿಗೆ ನೀರು. ಪಾಳಿ ಮುಗಿದ ಮೇಲೆ ಹನಿ ನೀರು ಬಿಟ್ಟುಕೊಂಡವನೂ ಕಳ್ಳನೇ.

ಅವಳು ಕಂಬದ ಸ್ವಿಚ್ ಒತ್ತಿದಳು. ಹಸಿರು ದೀಪ ಆರಿತು. ಕೆಳಗಿನಿಂದ ಮಧುವಿನ ಗೆಳೆಯರ ಗೊಣಗಾಟ ಕೇಳಿಸಿತು.

ಕೆಳಗಿಳಿದು ಅಜ್ಜನಿಗೆ ಹೇಳಿದಳು. “ಶಾಣ್ಯಾಕಿ ಅದೀ,” ಎಂದು ಅಜ್ಜ ತಲೆ ಸವರಿದ. ಮಧು ದೂರು ತಂದರೆ ಅವನಿಗೇ ಬೈದ. ಈಗ ಚಾಚಿಯ ಫೋನಿನಲ್ಲಿ ಕೈಸರಳಿಗೆ ದಾದಾನ ಮುಖ ಇಡಿಯಾಗಿ ಕಾಣುತ್ತಿರಬಹುದು ಎಂದುಕೊಂಡು ಸುಚಿತ್ರಾ ಮಲಗಿದಳು.

ಬೆಳಕು ಹರಿಯುವಾಗ ಮೇಡ್ಲೇರಿಯ ಹುಡುಗನೊಬ್ಬ ಬೈಕಿನಲ್ಲಿ ಸುದ್ದಿ ತಂದ. ಇಸಾಕಸಾಬ ಹೋಗಿಬಿಟ್ಟಿದ್ದ. ನಿನ್ನೆ ಸಂಜೆಯಿಂದ ಊರಿಗೆ ಫೋನೇ ಹತ್ತುತ್ತಿಲ್ಲವಂತೆ, ಅದಕ್ಕೇ ಅಬ್ದುಲಗನಿ ಇವನನ್ನು ಕಳಿಸಿದ್ದ.

ಸುಚಿತ್ರಾಳ ಕೈಯಲ್ಲಿದ್ದ ಚಹಾ ಆರಿತು. ಅವಳು ಕುಡಿಯಲಿಲ್ಲ.

ಫೋನೇಕೆ ಹತ್ತುತ್ತಿಲ್ಲವೆಂದು ನೋಡಲು ಚೇತನಕುಮಾರ ಸರ್ ಮಾಳಿಗೆ ಹತ್ತಿದರು. ಅಜ್ಜನೂ ಸುಚಿತ್ರಾಳೂ ಹಿಂದೆಯೇ ಹತ್ತಿದರು. ಸರ್ ಸ್ವಿಚ್ ನೋಡಿ ಯಾರು ಮಾಡಿದ್ದೆಂದು ಕೇಳಿದರು. ಅವಳು ತಲೆ ತಗ್ಗಿಸಿದಳು.

“ಇದು ಕಾಲುವಿ ಅಲ್ಲವ್ವಾ,” ಎಂದರು ಸರ್ ಮೆಲ್ಲಗೆ. “ಕೆಳಗಿನ ಓಣಿಗೆ ನೆಟ್ ಒಯ್ಯೂದ ಈ ಡಬ್ಬಿ. ಇದು ಬಂದ್ ಆದ್ರ ಎರಡೂ ಕಡೆ ಬಂದ್.”

ಗೋಣೆಪ್ಪಜ್ಜ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಮೆಣಸಿನಕಾಯಿಯ ಬದಿಗೆ ಕುಳಿತುಬಿಟ್ಟ.

ಮಣ್ಣು ಮುಗಿದ ಮೇಲೆ ಅಬ್ದುಲಗನಿ ಹೇಳಿದ್ದನ್ನು ಓಣಿಯೆಲ್ಲ ಕೇಳಿತು. ಗುರುವಾರ ಸಂಜೆ ದಾದಾ ತುಸು ಗೆಲುವಾಗಿದ್ದನಂತೆ. ದಿಂಬಿಗೆ ಒರಗಿ ಕುಳಿತು, ತಲೆಗೆ ಟೋಪಿ ಹಾಕಿಸಿಕೊಂಡನಂತೆ. ಫೋನು ಎದೆಯ ಮೇಲಿಟ್ಟುಕೊಂಡು, ಹುಡುಗಿ ಬರುತ್ತಾಳೆ ತಡಿ, ಎಂದನಂತೆ. ಹಾಗೆಯೇ ಕಾಯುತ್ತ ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಶನಿವಾರ ಸುಚಿತ್ರಾ ಕೆಳಗಿನ ಓಣಿಗೆ ಇಳಿದಳು. ಕೈಸರ ಅಂಗಳದ ಬಿದಿರಿಗೆ ಬೆನ್ನು ಹಚ್ಚಿ ಕೂತಿದ್ದಳು. ಸುಚಿತ್ರಾ ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಇಷ್ಟೇ.

“ಸ್ವಿಚ್ ಬಂದ್ ಮಾಡಿದಾಕಿ ನಾನ.”

“ಗೊತ್ತೈತಿ,” ಎಂದಳು ಕೈಸರ. “ಇಲ್ಲಿಂದ ನಿಮ್ಮ ಹಸಿರು ದೀಪ ಕಾಣತೈತಿ. ನೀ ಹತ್ತಿದ್ದೂ ನೋಡೇನಿ, ದೀಪ ಆರಿದ್ದೂ ನೋಡೇನಿ. ಸಿಟ್ಟಿಗೆ ಮಾಡೀದಿ ಅಂತ ತಿಳಿದಿದ್ದೆ.”

“ಸಿಟ್ಟಿಗಲ್ಲ. ನಿನಗ ಪೂರ್ತಿ ಬರ್ಲಿ ಅಂತ.”

ಕೈಸರ ಬಿದಿರಿಗೆ ಸುತ್ತಿದ್ದ ಹಗ್ಗದ ಎಳೆ ಬಿಡಿಸುತ್ತ ಕೂತಳು.

“ನಿಮ್ಮನಿಗೆ ಓಡಿ ಬರಬೇಕಂತ ನಮ್ಮ ಬಾಗಲ ತನಕ ಬಂದಿದ್ದೆ,” ಎಂದಳು ಆಮೇಲೆ. “ಮುಂಜಾನೆ ಕಳ್ಳರು ಅಂದಿದ್ದೆನಲ್ಲ. ಹೆಂಗ ಬರ್ಲಿ?”

ಸುಚಿತ್ರಾ ಪಕ್ಕದಲ್ಲಿ ಕೂತಳು. ಇಬ್ಬರೂ ಮಾಳಿಗೆಯ ಕಡೆ ನೋಡಿದರು. ಹಗಲಾದ್ದರಿಂದ ದೀಪ ಕಾಣುತ್ತಿರಲಿಲ್ಲ. ಚಾಚಿ ಕರೆದಾಗ ಕೈಸರ ಎದ್ದು ಒಳಗೆ ಹೋದಳು.

ಮರುದಿನ ಸಂಜೆ ಬಾಂಗ್ ಆಯಿತು. ಪಡಸಾಲೆಯಲ್ಲಿ ಮಧು ಫೋನು ಬದಿಗಿಟ್ಟು ಗೋಡೆ ನೋಡುತ್ತ ಕೂತಿದ್ದ. ಸುಚಿತ್ರಾ ಮಾಳಿಗೆ ಹತ್ತಿದಳು. ಹಸಿರು ದೀಪ ಉರಿಯುತ್ತಿತ್ತು. ಕೆಳಗಿನ ಓಣಿಯಲ್ಲಿ ಇಸಾಕಸಾಬನ ಅಂಗಳವೊಂದೇ ಕತ್ತಲಲ್ಲಿತ್ತು. ಬಿದಿರು ಮಾತ್ರ ಮಸುಕಾಗಿ ಕಾಣುತ್ತಿತ್ತು. ಅವಳು ದೀಪಕ್ಕೆ ಅಡ್ಡ ಬಾರದಂತೆ ಒಂದಿಷ್ಟು ಸರಿದು ಕುಳಿತಳು.

ಅವತ್ತೇ, ರವಿವಾರ ಬೆಳಿಗ್ಗೆ, ಗೋರಿಯ ಬಳಿ ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದಿತ್ತು. ಮಧ್ಯಾಹ್ನದ ಬಸ್ಸಿಗೆ ಚಾಚಾ, ಚಾಚಿಯ ಜೊತೆ ಕೈಸರ ಇನ್ನು ಅಲ್ಲೇ ಇರಲೆಂದು ಬ್ಯಾಡಗಿಗೆ ಹೋಗಿದ್ದಳು.